ಅಂಗಳದ ನೆಲಗಪ್ಪೆಯೂ ಮನೆಯ ನಾಯಿಯೂ

ಮಳೆಗಾಲದ ಸಂಜೆ ಜಗಲಿಯ ದೀಪ ಹಾಕಿದೊಡನೆ ಹಾತೆಗಳು ಮುತ್ತುತ್ತವೆ, ಅಲ್ಲವೇ? ಸ್ವಲ್ಪ ಹೊತ್ತು ಕಾದು ನೋಡಿರಿ. ದೀಪದ ಕೆಳಗೆ ಒಬ್ಬ ಅತಿಥಿ ಬಂದು ಕುಳಿತುಕೊಳ್ಳುವುದುಂಟು. ಒರಟು ಮೈ, ಗಿಡ್ಡ ಕಾಲು, ದಪ್ಪ ಹೊಟ್ಟೆ. ಅದುವೇ ನೆಲಗಪ್ಪೆ.

ಕೆರೆಯ ಕಪ್ಪೆಯ ಚರ್ಮ ನುಣುಪು. ಅದು ದೂರ ನೆಗೆಯುತ್ತದೆ. ನೆಲಗಪ್ಪೆಯ ಮೈಮೇಲೆ ಗುಳ್ಳೆಗಳಿವೆ. ಅದು ನಿಧಾನವಾಗಿ ಕುಪ್ಪಳಿಸುತ್ತದೆ. ಹಾಗಾದರೆ ಅದು ಶತ್ರುಗಳಿಂದ ಪಾರಾಗುವುದು ಹೇಗೆ? ಅದರ ಕಣ್ಣುಗಳ ಹಿಂದೆ ಎರಡು ಉಬ್ಬಿದ ಗ್ರಂಥಿಗಳಿವೆ. ಯಾವುದಾದರೂ ಪ್ರಾಣಿ ಕಚ್ಚಿದರೆ ಅವುಗಳಿಂದ ಹಾಲಿನಂತಹ ವಿಷ ಒಸರುತ್ತದೆ.

ನಾಯಿಮರಿಗೆ ಇದು ತಿಳಿಯದು. ಕುಪ್ಪಳಿಸುವುದೆಲ್ಲ ಅದಕ್ಕೆ ಆಟ. ಕಚ್ಚಿದ ಕೂಡಲೇ ಬಾಯಿಯಲ್ಲಿ ನೊರೆ ಬರುತ್ತದೆ. ಅದು ತಲೆ ಕೊಡವುತ್ತದೆ, ವಾಂತಿ ಮಾಡುತ್ತದೆ. ವಿಷ ಹೆಚ್ಚಾದರೆ ಮೈ ನಡುಗಿ, ಹೃದಯದ ಬಡಿತ ತಪ್ಪಿ ಸಾಯಲೂಬಹುದು.

ಆಗ ಏನು ಮಾಡಬೇಕು? ಮೊದಲು ಹಿರಿಯರನ್ನು ಕರೆಯಿರಿ. ನಾಯಿಯ ತಲೆಯನ್ನು ಕೆಳಗೆ ಬಾಗಿಸಿ, ಬಾಯಿಯ ಒಂದು ಬದಿಯಿಂದ ನೀರು ಹರಿಸಿ ಅವರು ತೊಳೆಯಲಿ. ನೀರು ಗಂಟಲೊಳಗೆ ಹೋಗಬಾರದು. ಒದ್ದೆ ಬಟ್ಟೆಯಿಂದ ಒಸಡು, ನಾಲಗೆಗಳನ್ನು ಒರಸಬೇಕು. ಬಳಿಕ ತಡಮಾಡದೆ ಪಶುವೈದ್ಯರಲ್ಲಿಗೆ ಕೊಂಡೊಯ್ಯಬೇಕು.

ಅಪಾಯ ಬಾರದಂತೆ ತಡೆಯುವುದು ಇನ್ನೂ ಒಳ್ಳೆಯದು. ರಾತ್ರಿ ನಾಯಿಮರಿಯನ್ನು ಒಂಟಿಯಾಗಿ ಹೊರಗೆ ಬಿಡಬೇಡಿರಿ. ಅದರ ಊಟದ ತಟ್ಟೆಯನ್ನು ಸಂಜೆಯೇ ಒಳಗಿಡಿರಿ. ಅನ್ನಕ್ಕೆ ಇರುವೆ, ಇರುವೆಗೆ ಕಪ್ಪೆ ಬರುತ್ತದೆ. ಬೇಡದ ದೀಪವನ್ನು ಆರಿಸಿರಿ. ಗೋಡೆಯ ಬದಿಯಲ್ಲಿ ಅಡಿಕೆಯ ಹಾಳೆ, ತೆಂಗಿನ ಮಡಲುಗಳನ್ನು ರಾಶಿ ಹಾಕಬೇಡಿರಿ. ನೆಲಗಪ್ಪೆ ಹಗಲು ಅಡಗುವುದು ಅಂತಹ ಕಡೆ.

ಹಾಗೆಂದು ನೆಲಗಪ್ಪೆಯನ್ನು ಕೊಲ್ಲಬಹುದೇ? ಬೇಡ. ಅದು ಗೆದ್ದಲು, ಇರುವೆ, ಜೀರುಂಡೆಗಳನ್ನು ತಿಂದು ತೋಟಕ್ಕೆ ನೆರವಾಗುತ್ತದೆ. ಅದು ತಾನಾಗಿ ಯಾರ ಮೇಲೂ ಎರಗುವುದಿಲ್ಲ. ಮುಟ್ಟಿದರೆ ನರೂಲಿ ಬರುತ್ತದೆ ಎಂಬುದೂ ನಿಜವಲ್ಲ. ಆದರೂ ಬರಿಗೈಯಿಂದ ಹಿಡಿಯಬೇಡಿರಿ. ಮುಟ್ಟಿದರೆ ಸೋಪು ಹಚ್ಚಿ ಕೈ ತೊಳೆಯಿರಿ. ತೊಳೆಯುವ ಮೊದಲು ಕಣ್ಣುಜ್ಜಬೇಡಿರಿ.

ಆಸ್ಟ್ರೇಲಿಯಾದ ಕತೆ ಬೇರೆ. ಅಲ್ಲಿ ನೆಲಗಪ್ಪೆಗಳೇ ಇರಲಿಲ್ಲ. 1935ರಲ್ಲಿ ಕಬ್ಬಿನ ಕೀಟಗಳನ್ನು ತಿನ್ನಲೆಂದು ಹವಾಯಿಯಿಂದ ದೊಡ್ಡ ಜಾತಿಯ ನೆಲಗಪ್ಪೆಗಳನ್ನು ತಂದರು. ಅವು ಕೀಟಗಳನ್ನು ಹತೋಟಿಗೆ ತರಲಿಲ್ಲ, ತಾವೇ ಲಕ್ಷಗಟ್ಟಲೆ ಹೆಚ್ಚಿದವು. ಅವುಗಳನ್ನು ತಿಂದ ಅಲ್ಲಿನ ಹಾವು, ಉಡಗಳು ಸತ್ತವು. ನಮ್ಮ ನೆಲಗಪ್ಪೆಯಾದರೋ ಈ ಮಣ್ಣಿನದೇ ಜೀವಿ. ನಾಯಿಯೂ ಉಳಿಯಲಿ, ಕಪ್ಪೆಯೂ ಉಳಿಯಲಿ. ಎಚ್ಚರ ನಮ್ಮದಾಗಿರಲಿ.

ಪದಗಳ ಅರ್ಥ
ಒಸರು – ನಿಧಾನವಾಗಿ ಹೊರಬರು
ಒಸಡು – ಹಲ್ಲಿನ ಬುಡದ ಮಾಂಸ
ಮಡಲು – ತೆಂಗಿನ ಗರಿ

ಅಭ್ಯಾಸ
1. ಕೆರೆಯ ಕಪ್ಪೆಗೂ ನೆಲಗಪ್ಪೆಗೂ ಇರುವ ವ್ಯತ್ಯಾಸಗಳನ್ನು ಪಟ್ಟಿಮಾಡಿರಿ.
2. ನಾಯಿಯ ಬಾಯಿ ತೊಳೆಯುವಾಗ ತಲೆಯನ್ನು ಕೆಳಗೆ ಬಾಗಿಸಬೇಕು. ಏಕೆ?
3. ನಿಮ್ಮ ಅಂಗಳದಲ್ಲಿ ನೆಲಗಪ್ಪೆ ಅಡಗುವ ಜಾಗಗಳು ಯಾವುವು? ಹಿರಿಯರೊಂದಿಗೆ ನೋಡಿ ಬರೆಯಿರಿ.
4. ‘ನೆಲಗಪ್ಪೆಯನ್ನು ಕೊಲ್ಲಬಾರದು’ – ಗುಂಪಿನಲ್ಲಿ ಚರ್ಚಿಸಿರಿ.