ಒತ್ತಿದಾಗಲೆಲ್ಲ ಮೊದಲಿನಿಂದ ಮೊಳಗಲಿ

ಆರತಕ್ಷತೆ, ಕಾಲೇಜು ಹಬ್ಬಗಳಲ್ಲಿ ಡಿಜೆ ಕೆಲಸ ಮಾಡುವ ಹುಡುಗರ ದೂರು ಒಂದೇ: ‘ಹಾರ್ನ್ ಪ್ಯಾಡ್ ಒತ್ತಿದರೆ ಒಮ್ಮೆ ಬರುತ್ತೆ, ಒಮ್ಮೆ ಬರಲ್ಲ.’ ಕಂಟ್ರೋಲರ್ ಕೆಟ್ಟಿದೆ ಎಂದು ರಿಪೇರಿಗೆ ಕೊಡುವವರೂ ಇದ್ದಾರೆ. ಅದಕ್ಕೂ ಮೊದಲು ಆ ಬಟನ್‌ಗೆ ಯಾವ ಆದೇಶ ಕೊಟ್ಟಿದ್ದೀರಿ ಎಂದು ನೋಡಿ.

ಇಲ್ಲಿ ಹೇಳುವುದು ಹೆಸರಿನ ಕೊನೆಗೆ ಮೂರು ಎಕ್ಸ್ ಇರುವ ‘ಮಿಕ್ಸ್’ ತಂತ್ರಾಂಶದ ಕ್ರಮ. ಇದು ಉಚಿತ, ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ನಡೆಯುತ್ತದೆ.

1. ಸದ್ದಿನ ಫೈಲನ್ನು ಆಡಾಸಿಟಿ ಎಂಬ ಧ್ವನಿ ಸಂಪಾದನೆಯ ತಂತ್ರಾಂಶದಲ್ಲಿ ತೆರೆದು, ಆರಂಭದ ಮೌನವನ್ನು ಕತ್ತರಿಸಿ, ವೇವ್ ರೂಪದಲ್ಲಿ ಉಳಿಸಿ. ಎಂಪಿ3 ಮಾಡಿದರೆ ಶುರುವಿನಲ್ಲಿ ಮತ್ತೆ ಚೂರು ಮೌನ ಸೇರಿಕೊಳ್ಳಬಹುದು.

2. ಮಿಕ್ಸ್ ತೆರೆದು, ಚಿಕ್ಕ ಸದ್ದುಗಳನ್ನು ನುಡಿಸುವ ಸ್ಯಾಂಪ್ಲರ್‌ಗಳನ್ನು ಆನ್ ಮಾಡಿ. ಒಂದೊಂದು ಸ್ಯಾಂಪ್ಲರ್‌ಗೆ ಒಂದೊಂದು ಫೈಲ್ ಎಳೆದು ಹಾಕಿ.

3. ‘ಪ್ರಿಫರೆನ್ಸಸ್’ ತೆರೆದು, ‘ಕಂಟ್ರೋಲರ್ಸ್’ ವಿಭಾಗದಲ್ಲಿ ನಿಮ್ಮ ಸಾಧನವನ್ನು ಆರಿಸಿ, ‘ಲರ್ನಿಂಗ್ ವಿಝಾರ್ಡ್’ ಒತ್ತಿ. ಇದು ಮಿಡಿ ಸಾಧನಗಳಿಗೆ ಮಾತ್ರ.

4. ಎಡವುವುದು ಇಲ್ಲೇ. ಯಾವ ಕೆಲಸಕ್ಕೆ ಬಟನ್ ಬೇಕು ಎಂದು ವಿಝಾರ್ಡ್ ಕೇಳಿದಾಗ ಎಲ್ಲರೂ ‘ಪ್ಲೇ’ ಆರಿಸುತ್ತಾರೆ. ‘ಪ್ಲೇ’ ಎನ್ನುವುದು ಆನ್–ಆಫ್ ಆದೇಶ: ಒಮ್ಮೆ ಒತ್ತಿದರೆ ಶುರು, ಮತ್ತೆ ಒತ್ತಿದರೆ ಬಂದ್. ಇಡೀ ಹಾಡಿಗೆ ಅದು ಸರಿ. ಮೂರು ಸೆಕೆಂಡಿನ ಹಾರ್ನ್ ಅನ್ನು ಹುಮ್ಮಸ್ಸಿನಲ್ಲಿ ಪಟಪಟನೆ ಮೂರು ಸಲ ಒತ್ತಿದರೆ, ಎರಡನೆಯ ಒತ್ತು ಸದ್ದನ್ನೇ ನಿಲ್ಲಿಸುತ್ತದೆ. ಮೂರನೆಯದು ನಿಂತಲ್ಲಿಂದ ಮುಂದುವರಿಸುತ್ತದೆ. ಹಾಗಾಗಿ ‘ಚೂಸ್ ಕಂಟ್ರೋಲ್’ ಪಟ್ಟಿಯಲ್ಲಿ ಆ ಸ್ಯಾಂಪ್ಲರ್‌ನ ಸದ್ದನ್ನು ಮೊದಲಿನಿಂದ ನುಡಿಸುವ ಆದೇಶವನ್ನು ಹುಡುಕಿ ಆರಿಸಿ, ಆಮೇಲೆ ಪ್ಯಾಡ್ ಒತ್ತಿ. ಇನ್ನು ಎಷ್ಟು ಸಲ ಒತ್ತಿದರೂ ಅಷ್ಟು ಸಲ ಮೊದಲಿನಿಂದ ಮೊಳಗುತ್ತದೆ.

ಆದರೆ ಈ ಆದೇಶಕ್ಕೆ ನಿಲ್ಲಿಸುವುದು ಗೊತ್ತಿಲ್ಲ. ಸೈರನ್, ಚಪ್ಪಾಳೆಯಂಥ ಉದ್ದನೆಯ ಸದ್ದಿಗೆ ಇನ್ನೊಂದು ಬಟನ್‌ನಲ್ಲಿ ಸದ್ದು ನಿಲ್ಲಿಸಿ ಆರಂಭಕ್ಕೆ ಮರಳುವ ಆದೇಶ ಇಟ್ಟುಕೊಳ್ಳಲೇಬೇಕು. ಮೈಕ್ ಹಿಡಿದವರು ಮಾತು ಶುರುಮಾಡಿದಾಗ ಸೈರನ್ ಕೂಗುತ್ತಲೇ ಇದ್ದರೆ ಸಭೆಯ ಮುಂದೆ ಅವರ ಮಾನ ಹೋಗುತ್ತದೆ. ವರ್ಚುವಲ್ ಡಿಜೆ ಎಂಬ ಇನ್ನೊಂದು ತಂತ್ರಾಂಶ ಬಳಸುವವರಿಗೂ ಇದೇ ಮಾತು: ಸ್ಯಾಂಪ್ಲರ್‌ನ ಟ್ರಿಗರ್ ಆಯ್ಕೆಗಳಲ್ಲಿ ಹಾರ್ನ್‌ಗೆ ಒತ್ತಿದಾಗಲೆಲ್ಲ ಮೊದಲಿನಿಂದ ಮೊಳಗಿಸುವ ‘ಸ್ಟಟರ್’ ಇರಲಿ, ಬೆರಳು ಎತ್ತಿದೊಡನೆ ನಿಲ್ಲಬೇಕಾದ ಸೈರನ್‌ಗೆ ‘ಹೋಲ್ಡ್’ ಇರಲಿ.

5. ಮಿಕ್ಸ್‌ನಲ್ಲಿ ಸ್ಯಾಂಪ್ಲರ್‌ನ ‘ಸಿಂಕ್’ ಆಫ್ ಇಡಿ. ಇಲ್ಲದಿದ್ದರೆ ಹಾಡಿನ ವೇಗಕ್ಕೆ ತಕ್ಕಂತೆ ಸದ್ದಿನ ವೇಗವೂ ಬದಲಾಗುತ್ತದೆ. ಹಾಡು ಹಾಕಿಕೊಂಡೇ ಗೇನ್ ಹೊಂದಿಸಿ. ಮೀಟರ್ ಕೆಂಪಿಗೆ ಹೋಗಬಾರದು.

ನಾಲ್ಕು ಸದ್ದು ಸಾಕು ಎಂಬುದು ನನ್ನ ಖಚಿತ ಅಭಿಪ್ರಾಯ. ಹದಿನಾರು ಪ್ಯಾಡ್ ತುಂಬಿದರೆ ಕತ್ತಲೆಯಲ್ಲಿ ಬೆರಳು ತಪ್ಪುತ್ತದೆ. ಗಾಯಕರ ದನಿಯ ಮೇಲೆ ಹಾರ್ನ್ ಹೊಡೆಯಬೇಡಿ.

ಬಟನ್‌ಗಳಿಗೆ ಆದೇಶ ಜೋಡಿಸಿದ ಈ ಮ್ಯಾಪಿಂಗ್‌ಗೆ ಹೊಸ ಹೆಸರು ಕೊಟ್ಟು ಉಳಿಸಿ, ಸದ್ದಿನ ಫೈಲ್‌ಗಳ ಜೊತೆ ಪೆನ್‌ಡ್ರೈವ್‌ನಲ್ಲೂ ಒಂದು ಪ್ರತಿ ಇಡಿ. ಫೈಲ್‌ಗಳ ಫೋಲ್ಡರ್ ಬದಲಿಸಬೇಡಿ. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಿನಲ್ಲಿ ಧ್ವನಿವರ್ಧಕಕ್ಕೆ ಕಾನೂನಿನ ನಿರ್ಬಂಧವಿದೆ. ಹಾಗಾಗಿ ಪ್ಯಾಡ್ ಪರೀಕ್ಷೆಯನ್ನು ಹಗಲಲ್ಲೇ ಮುಗಿಸಿ.