ತುಕ್ಕಿನ ಅಧ್ಯಯನ: ಎಂ.ಎಸ್ಸಿ. ನಂತರದ ಒಂದು ದಾರಿ



ಮಳೆಗಾಲದಲ್ಲಿ ಕಿಟಕಿಯ ಸರಳು ತುಕ್ಕು ಹಿಡಿಯುವುದನ್ನು ನಾವೆಲ್ಲ ನೋಡಿದ್ದೇವೆ. ಅಣು ಸ್ಥಾವರದಲ್ಲಿ ಲೋಹದ ಸವೆತ ದೊಡ್ಡ ಅಪಾಯ. 2002ರಲ್ಲಿ ಅಮೆರಿಕದ ಓಹಾಯೊ ರಾಜ್ಯದ ಡೇವಿಸ್-ಬೆಸ್ಸೆ ಸ್ಥಾವರದಲ್ಲಿ, ಬಿರುಕಿನಿಂದ ಸೋರಿದ ಬೋರಿಕ್ ಆಮ್ಲ ರಿಯಾಕ್ಟರ್ ಮುಚ್ಚಳದ 15 ಸೆಂ.ಮೀ.ಗೂ ದಪ್ಪದ ಉಕ್ಕನ್ನು ತಿಂದುಹಾಕಿತ್ತು. ಉಳಿದಿದ್ದದ್ದು ಒಳಗಿನ ತೆಳು ಸ್ಟೇನ್‌ಲೆಸ್ ಪದರ ಮಾತ್ರ. ತಪಾಸಣೆಯಲ್ಲಿ ಕಂಡುಬಂದದ್ದರಿಂದ ಅನಾಹುತ ತಪ್ಪಿತು.

ನಮ್ಮ ಕೈಗಾದಲ್ಲಿಯೂ ಯುರೇನಿಯಂ ಇಂಧನ ಇರುವುದು ಜಿರ್ಕೋನಿಯಂ ಮಿಶ್ರಲೋಹದ ಕೊಳವೆಗಳಲ್ಲಿ. ಬಿಸಿನೀರಿನ ಸಂಪರ್ಕದಲ್ಲಿ ಈ ಲೋಹ ಹೈಡ್ರೋಜನ್ ಹೀರಿ ನಿಧಾನವಾಗಿ ಪೆಡಸಾಗುತ್ತದೆ. ಅದು ಎಷ್ಟು ಕಾಲ ಬಾಳೀತು ಎಂದು ಲೆಕ್ಕ ಹಾಕುವುದೇ ಈ ವಿಜ್ಞಾನದ ಕೆಲಸ.

ರಸಾಯನಶಾಸ್ತ್ರ, ಭೌತಶಾಸ್ತ್ರದ ಎಂ.ಎಸ್ಸಿ. ಅಥವಾ ಮೆಟಲರ್ಜಿ, ಮೆಕ್ಯಾನಿಕಲ್ ಓದಿದವರಿಗೆ ಇಲ್ಲಿ ಅವಕಾಶವಿದೆ. ಕಲ್ಪಾಕ್ಕಂನ ಇಂದಿರಾ ಗಾಂಧಿ ಅಣು ಸಂಶೋಧನಾ ಕೇಂದ್ರ, ಮುಂಬೈಯ ಭಾಭಾ ಕೇಂದ್ರಗಳಲ್ಲಿ ಹೋಮಿ ಭಾಭಾ ರಾಷ್ಟ್ರೀಯ ಸಂಸ್ಥೆಯ ಪಿಎಚ್.ಡಿ. ಮಾಡಬಹುದು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಮೆಟೀರಿಯಲ್ಸ್ ಎಂಜಿನಿಯರಿಂಗ್ ವಿಭಾಗವಿದೆ. ವಿಷಯಕ್ಕೆ ತಕ್ಕಂತೆ ಗೇಟ್, ನೆಟ್ ಅಥವಾ ಜೆಸ್ಟ್ ಪರೀಕ್ಷೆ ಬರೆಯಬೇಕು. ಆಯಾ ವರ್ಷದ ಪ್ರಕಟಣೆಯನ್ನು ತಪ್ಪದೆ ಓದಿ.

"ಇನ್ನೂ ಐದು ವರ್ಷ ಓದಿಸಲು ಹಣ ಎಲ್ಲಿಂದ ತರೋಣ?" ಎಂದು ತಾಯಂದಿರು ನಮ್ಮನ್ನು ಕೇಳುತ್ತಾರೆ. ಸಂಶೋಧನೆಗೆ ಮನೆಯ ಹಣ ಬೇಕಿಲ್ಲ. 2023ರ ಜನವರಿಯಿಂದ ಕೇಂದ್ರದ ಕಿರಿಯ ಸಂಶೋಧಕರ ಫೆಲೋಶಿಪ್ ತಿಂಗಳಿಗೆ 37,000 ರೂ. ಇದೆ. ಕಷ್ಟವಿರುವುದು ಅದಕ್ಕೆ ಮೊದಲಿನ ಪರೀಕ್ಷಾ ತಯಾರಿಯ ವರ್ಷದಲ್ಲಿ. ಮಕ್ಕಳು ಓದು ಬಿಟ್ಟು ಸಿಕ್ಕ ಕೆಲಸಕ್ಕೆ ಸೇರುವುದು ಆಗಲೇ. ದಾನಿಗಳ ನೆರವು ಆ ಒಂದು ವರ್ಷಕ್ಕೆ ತಲುಪಲಿ ಎಂಬುದು ನಮ್ಮ ವಿನಂತಿ.