ಕಿಟಕಿಯಿಲ್ಲದ ಯಂತ್ರ



ಬಿಟಿಎಂ ಲೇಔಟಿನ ಪಿಜಿಯಲ್ಲಿ ಕೂತು ಎಲ್ಲೋ ಇರುವ ಲಿನಕ್ಸ್ ಸರ್ವರಿಗೆ ಲಾಗಿನ್ ಆದರೆ ಕಾಣುವುದು ಕಪ್ಪು ಪರದೆ, ಮಿನುಗುವ ಕರ್ಸರ್, ಅಷ್ಟೇ. ಒಂದು ಡೆಸ್ಕ್‌ಟಾಪ್ ಹಾಕಿಕೊಂಡುಬಿಡೋಣ ಅನ್ನಿಸುವುದು ಸಹಜ. ಹಾಕಬೇಡ. ಮೆಮೊರಿ ಉಳಿಯುತ್ತದೆ, ಕಳ್ಳರು ನುಗ್ಗುವ ಸಂದುಗಳು ಕಡಿಮೆಯಾಗುತ್ತವೆ ಎಂಬುದು ನಿಜವೇ, ಆದರೆ ನನ್ನ ಕಾರಣ ಬೇರೆ. ಮೌಸಿನಲ್ಲಿ ಮಾಡಿದ್ದು ಮಾಡಿದವನ ನೆನಪಿನಲ್ಲಷ್ಟೇ ಇರುತ್ತದೆ. ಟೈಪ್ ಮಾಡಿದ್ದು ಬರಹವಾಗುತ್ತದೆ. ಸ್ಕ್ರಿಪ್ಟ್ ಮಾಡಿ ಗಿಟ್‌ನಲ್ಲಿಟ್ಟರೆ ಯಾರು, ಯಾವತ್ತು, ಏನು ಬದಲಿಸಿದರು ಎಂದು ಓದಬಹುದು, ತಿದ್ದಬಹುದು, ನಲವತ್ತು ಯಂತ್ರಗಳ ಮೇಲೆ ಅದನ್ನೇ ಓಡಿಸಬಹುದು. (ಟೈಪ್ ಮಾಡಿ ಮರೆತರೆ ಮೌಸಿಗಿಂತ ಮೇಲೇನಲ್ಲ.) ಕಿಟಕಿಗಳಿಂದಲೇ ಹೆಸರಾದ ಮೈಕ್ರೋಸಾಫ್ಟ್ ಕೂಡ 2006ರಲ್ಲಿ ಪವರ್‌ಶೆಲ್ ಕೊಟ್ಟು, ವಿಂಡೋಸ್ ಸರ್ವರ್ 2008ರಲ್ಲಿ ಡೆಸ್ಕ್‌ಟಾಪಿಲ್ಲದ ಸರ್ವರ್ ಕೋರ್ ತಂದಿತು. 2012ರ ಆವೃತ್ತಿಯಲ್ಲಿ ಡೆಸ್ಕ್‌ಟಾಪನ್ನು ಬೇಕಾದಾಗ ಸೇರಿಸಿ ಬೇಡವಾದಾಗ ತೆಗೆಯಬಹುದಿತ್ತು. 2016ರಿಂದ ಅದೂ ಇಲ್ಲ, ಮನಸ್ಸು ಬದಲಾದರೆ ಮೊದಲಿಂದ ಇನ್‌ಸ್ಟಾಲ್ ಮಾಡಬೇಕು. ಲಿನಕ್ಸ್ ಎಂದರೆ ಹವ್ಯಾಸಿಗಳ ಆಟ ಎನ್ನುವವರಿಗೆ ಜೆಪಿ ನಗರದ ಜೆರೋಧಾ ತೋರಿಸು: ಮುಕ್ತ ತಂತ್ರಾಂಶದ ಮೇಲೆಯೇ ಬೆಳೆದ ಆ ಷೇರು ಸಂಸ್ಥೆ ಅಂಥ ತಂತ್ರಾಂಶಗಳಿಗಾಗಿ 2024ರಲ್ಲಿ ವರ್ಷಕ್ಕೆ 10 ಲಕ್ಷ ಡಾಲರಿನ ನಿಧಿ ಘೋಷಿಸಿತು.

ಕನ್ನಡ ಮಾಧ್ಯಮದವರಿಗೆ ಇದು ಕಷ್ಟ, ಎಲ್ಲ ಇಂಗ್ಲಿಷು ಎಂಬ ಆಕ್ಷೇಪವಿದೆ. ಇಂಗ್ಲಿಷು ಜಾಸ್ತಿ ಇರುವುದು ಮೆನುಗಳಲ್ಲಿ! ಪಠ್ಯ ಹುಡುಕುವ ಗ್ರೆಪ್ ಯಾವ ಇಂಗ್ಲಿಷು? 'ಇಡಿ' ಎಂಬ ಹಳೇ ಎಡಿಟರಿನ ಒಂದು ಕಮಾಂಡಿನಲ್ಲಿದ್ದ ಜಿ, ಆರ್‌ಇ, ಪಿ ಅಂಟಿಕೊಂಡು ಹುಟ್ಟಿದ ಹೆಸರದು. ಕಾನ್ವೆಂಟಿನ ಹುಡುಗನೂ ಹೊಸದಾಗಿಯೇ ಕಲಿಯಬೇಕು. ಕಮಾಂಡುಗಳ ಕೈಪಿಡಿಯಾದ ಮ್ಯಾನ್ ಪುಟಗಳು ಬಹುಪಾಲು ಇಂಗ್ಲಿಷಿನಲ್ಲಿವೆ, ಒಪ್ಪುತ್ತೇನೆ. ಸರ್ವರಿನ ಸ್ವಂತ ಕನ್ಸೋಲಿಗೆ ನಮ್ಮ ಒತ್ತಕ್ಷರ ಬಿಡಿಸಲೂ ಬಾರದು. ಆದರೆ ದೂರದಿಂದ ಎಸ್‌ಎಸ್‌ಎಚ್‌ನಲ್ಲಿ ಹೋದಾಗ ಅಕ್ಷರ ಮೂಡಿಸುವುದು ನಿನ್ನ ಲ್ಯಾಪ್‌ಟಾಪು; ಯುಟಿಎಫ್-8ರಲ್ಲಿ ಕನ್ನಡದ ಒಂದೊಂದು ಚಿಹ್ನೆಗೆ 3 ಬೈಟು, ಸರ್ವರಿಗೆ ಅಷ್ಟೇ ಗೊತ್ತು. ತಂಡದವರು ಓದಬಲ್ಲರಾದರೆ ಕಾಮೆಂಟುಗಳನ್ನು ಕನ್ನಡದಲ್ಲೇ ಬರೆ.

ತೂಕದ ಆಕ್ಷೇಪ ಇನ್ನೊಂದಿದೆ. ಡೆಸ್ಕ್‌ಟಾಪು 'ಖಚಿತವೇ?' ಎಂದು ಕೇಳುತ್ತದೆ, ಫೈಲ್ ಅಳಿಸುವ ಆರ್‌ಎಂ ಕಮಾಂಡು ಸಾಮಾನ್ಯವಾಗಿ ಕೇಳುವುದಿಲ್ಲ. ಒಂದು ತಪ್ಪು ಸಾಲು ಬರೆದರೆ ನಿನ್ನ ಯಂತ್ರದಿಂದ ನೀನೇ ಹೊರಗೆ. ನಿಜ. ಇದಕ್ಕೆ ಮದ್ದು ಅಭ್ಯಾಸ. ಫೈರ್‌ವಾಲ್ ಏಳಿಸುವ ಮುಂಚೆ ಎಸ್‌ಎಸ್‌ಎಚ್ ಬಾಗಿಲಿಗೆ ಅನುಮತಿ ಕೊಡು. ಎಸ್‌ಎಸ್‌ಎಚ್‌ಡಿ ಸೆಟ್ಟಿಂಗ್ ಬದಲಿಸಿದರೆ 'ಎಸ್‌ಎಸ್‌ಎಚ್‌ಡಿ -ಟಿ' ಕೊಟ್ಟು ತಪ್ಪಿದೆಯೇ ನೋಡು, ರೀಲೋಡ್ ಮಾಡಿದ ಮೇಲೂ ಹಳೇ ಸೆಷನ್ ಮುಚ್ಚದೆ ಇನ್ನೊಂದರಿಂದ ಲಾಗಿನ್ ಆಗಿ ಪರೀಕ್ಷಿಸು. ದೊಡ್ಡ ಅಪ್‌ಗ್ರೇಡನ್ನು, ಸಂಪರ್ಕ ಕಡಿದರೂ ಸೆಷನ್ ಉಳಿಸುವ ಟಿಮಕ್ಸ್ ಒಳಗೇ ನಡೆಸು. ಬಿಟಿಎಂನಲ್ಲಿ ಮಳೆ ಬಂದು ಕರೆಂಟು ಹೋಗಿ ವೈಫೈ ಸತ್ತರೂ ಸರ್ವರಿನಲ್ಲಿ ಕೆಲಸ ನಡೆಯುತ್ತಲೇ ಇರುತ್ತದೆ. ಕರೆಂಟು ಬಂದ ಮೇಲೆ 'ಟಿಮಕ್ಸ್ ಅಟ್ಯಾಚ್' ಎಂದರೆ ಬಿಟ್ಟಲ್ಲಿಂದಲೇ ಕಾಣುತ್ತದೆ.